ನಡುವಿನ ಹತ್ತು ತಿಂಗಳು

ಹತ್ತನೆಯ ತರಗತಿಯ ಪರೀಕ್ಷೆ ಮುಗಿದರೆ ಸಾಕು, ಮಹಾರಾಷ್ಟ್ರದ ಗಡಿಯ ಕಾಸಾರಶಿರಸಿಯಂಥ ಊರುಗಳಿಂದ ಲಾತೂರಿಗೆ ಹೋಗುವ ಎಸ್‌ಟಿ ಬಸ್ಸುಗಳಲ್ಲಿ ಹಾಸಿಗೆ ಸುರುಳಿ, ಟ್ರಂಕು, ಪುಸ್ತಕದ ಗಂಟುಗಳು ಕಾಣತೊಡಗುತ್ತವೆ. ಫಲಿತಾಂಶ ಬರಲಿ ಎಂದು ಕಾಯುವ ವ್ಯವಧಾನ ತಂದೆತಾಯಿಗೆ ಇಲ್ಲ. ನೀಟ್, ಜೆಇಇ ತರಬೇತಿಯ ರಜೆ ಬ್ಯಾಚುಗಳು ಬೇಸಿಗೆಯಲ್ಲೇ ತುಂಬುತ್ತವೆ. ಮಕ್ಕಳನ್ನು ಪರೀಕ್ಷೆಗೆ ಹುರಿಗೊಳಿಸುವ ಇಲ್ಲಿನ ಪದ್ಧತಿಯ ‘ಲಾತೂರ್ ಪ್ಯಾಟರ್ನ್’ ಎಂಬ ಹೆಸರು ಮಹಾರಾಷ್ಟ್ರದಾಚೆಗೂ ಹಬ್ಬಿ ದಶಕಗಳಾದವು. ಮಕ್ಕಳ ಬೇಸಿಗೆಗೆ ಹೀಗೊಂದು ದಿಕ್ಕು ಸಿಕ್ಕಿದೆ. ಆ ದಿಕ್ಕು ಒಳ್ಳೆಯದೋ ಕೆಟ್ಟದೋ, ಅದು ಬೇರೆ ಚರ್ಚೆ. ಆದರೆ ಇದೇ ಮಕ್ಕಳಿಗೆ ಐದರಿಂದ ಹತ್ತರವರೆಗೆ ವಿಜ್ಞಾನ ಕಲಿಸಿದ ಮಾಸ್ತರರ ಬೇಸಿಗೆಗೆ ಯಾವ ದಿಕ್ಕೂ ಇಲ್ಲ.

ಈ ಮಾಸ್ತರರಲ್ಲಿ, ಬಾಯಿಯವರಲ್ಲಿ ಹೆಚ್ಚಿನವರು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಹತ್ತು-ಹದಿನೈದು ವರ್ಷ ಕಳೆದವರು. ಮುಂದೆ ಓದುವ ಆಸೆ ಇದ್ದರೂ ದಾರಿ ಇಕ್ಕಟ್ಟು. ಶಿಕ್ಷಕರ ಶಿಕ್ಷಣವನ್ನು ನಿಯಂತ್ರಿಸುವ ಎನ್‌ಸಿಟಿಇಯ 2014ರ ನಿಯಮಗಳು ಬಂದ ಮೇಲೆ ಎಂ.ಎಡ್. ಎಂದರೆ ಪೂರ್ತಿ ಎರಡು ವರ್ಷ ಕಾಲೇಜಿನಲ್ಲಿ ಕೂರಬೇಕಾದ ಓದಾಯಿತು. ಮನೆಸಾಲದ ಕಂತು ಕಟ್ಟುವವರು ಸಂಬಳ ಬಿಟ್ಟು ಅದಕ್ಕೆ ಹೋಗುವುದುಂಟೇ? ದೂರಶಿಕ್ಷಣದಲ್ಲಿ ಎಂ.ಎ. ಮಾಡಿಕೊಳ್ಳಬಹುದು, ಎಷ್ಟೋ ಜನ ಮಾಡಿಕೊಂಡಿದ್ದಾರೆ. ವಿಜ್ಞಾನದ ಶಿಕ್ಷಕ ಇತಿಹಾಸದಲ್ಲೋ ಸಮಾಜಶಾಸ್ತ್ರದಲ್ಲೋ ಸ್ನಾತಕೋತ್ತರ ಪದವೀಧರನಾಗುವ ವಿಚಿತ್ರ ಹುಟ್ಟುವುದು ಹೀಗೆ. ಪ್ರಯೋಗಾಲಯ ಬೇಡದ ಪದವಿ ಅಂಚೆಯಲ್ಲಿ ಸಲೀಸಾಗಿ ಬರುತ್ತದೆ. ಇನ್ನುಳಿದದ್ದು ಇಲಾಖೆಯ ತರಬೇತಿ: ಕೆಲವು ದಿನ, ಒಂದಿಷ್ಟು ಸ್ಲೈಡು, ಹಾಜರಿ ಸಹಿ, ಪ್ರಮಾಣಪತ್ರ.

ನನ್ನ ವಾದ ಇಷ್ಟು. ವಿಜ್ಞಾನ ಶಿಕ್ಷಣದ ಸ್ನಾತಕೋತ್ತರ ಪದವಿಯೊಂದನ್ನು ಕೆಲಸದಲ್ಲಿರುವ ಶಿಕ್ಷಕರಿಗಾಗಿ ಮೂರು ಬೇಸಿಗೆಗಳಲ್ಲಿ ಕಲಿಸಬೇಕು. ಆ ಕೋರ್ಸಿನ ಬೆಲೆ ತೀರ್ಮಾನವಾಗಬೇಕಾದ್ದು ಎರಡು ಬೇಸಿಗೆಗಳ ನಡುವಿನ ಹತ್ತು ತಿಂಗಳಲ್ಲಿ, ಅವರದೇ ಶಾಲೆಯಲ್ಲಿ. ಮತ್ತು ನಿಲಂಗಾ, ಉಮರ್ಗಾ, ಉದಗೀರದಂಥ ಗಡಿ ತಾಲೂಕುಗಳಲ್ಲಿ ಅದು ರಾಜ್ಯದ ಗೆರೆ ದಾಟದೆ ಕೈಗೂಡುವುದಿಲ್ಲ.

ಇದು ಹೊಸ ಕನಸೇನಲ್ಲ. ಕನ್ನಡ ನಾಡಿನಲ್ಲೇ ನಡೆದದ್ದು. ಎನ್‌ಸಿಇಆರ್‌ಟಿ 1961ರಲ್ಲಿ ಹುಟ್ಟಿತು. ಅದರ ಆಶ್ರಯದಲ್ಲಿ ಅಜ್ಮೀರ, ಭೋಪಾಲ, ಭುವನೇಶ್ವರ ಮತ್ತು ಮೈಸೂರಿನಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ತಲೆಯೆತ್ತಿದವು. ಆಗ ದೇಶದ ಪ್ರೌಢಶಾಲೆಗಳಲ್ಲಿ ತರಬೇತಿಯೇ ಇಲ್ಲದ ಶಿಕ್ಷಕರ ದಂಡೇ ಇತ್ತು. ಎಲ್ಲರನ್ನೂ ಒಂದು ವರ್ಷ ಶಾಲೆಯಿಂದ ಎಬ್ಬಿಸಿ ಕರೆತಂದರೆ ಶಾಲೆಗಳಿಗೆ ಬೀಗ ಬೀಳುತ್ತಿತ್ತು. 1966ರಲ್ಲಿ ಈ ಕಾಲೇಜುಗಳು ಒಂದು ಉಪಾಯ ಹೂಡಿದವು: ಬೇಸಿಗೆ ಶಾಲೆ ಮತ್ತು ಅಂಚೆ ಪಾಠ ಸೇರಿದ ಬಿ.ಎಡ್. ಒಂದು ಬೇಸಿಗೆ ಕಾಲೇಜಿನಲ್ಲಿ. ಆಮೇಲೆ ಹತ್ತು ತಿಂಗಳು ತಮ್ಮ ಶಾಲೆಯಲ್ಲಿ ಪಾಠ ಮಾಡುತ್ತ ಅಂಚೆಯಲ್ಲಿ ಬಂದ ಪಾಠ ಓದಿ, ಉತ್ತರ ಬರೆದು ಕಳಿಸುವುದು. ಮರುಬೇಸಿಗೆ ಮತ್ತೆ ಅದೇ ಕಾಲೇಜು, ಅದೇ ಗುರುಗಳು, ಅದೇ ಸಹಪಾಠಿಗಳು. ಈ ‘ಮತ್ತೆ’ ಎಂಬುದರಲ್ಲಿ ಕಸುವಿದೆ. ಮರುವರ್ಷ ಎದುರಿಗೆ ಬಂದು ಕೂರಬೇಕಾದ ಮನುಷ್ಯ ನಡುವೆ ಏನಾದರೂ ಮಾಡಿಕೊಂಡೇ ಬರಬೇಕಾಗುತ್ತದೆ. ಕೇಳುವವರಿರುತ್ತಾರೆ.

ಅದೇ ದಶಕದ ಇನ್ನೊಂದು ಪ್ರಯೋಗ ನಮಗೆ ಎಚ್ಚರಿಕೆಯಾಗಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 1953ರಿಂದ ಶಿಕ್ಷಕರಿಗೆ ಬೇಸಿಗೆ ಸಂಸ್ಥೆಗಳನ್ನು ನಡೆಸುತ್ತಿತ್ತು. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಆಕಾಶಕ್ಕೇರಿದ ಮೇಲೆ ಹಣದ ಹೊಳೆ ಹರಿದು, ಸಾಲುಸಾಲು ಬೇಸಿಗೆ ಕಲಿತು ಸ್ನಾತಕೋತ್ತರ ಪದವಿ ಪಡೆದ ಶಿಕ್ಷಕರ ಪೀಳಿಗೆಯೇ ತಯಾರಾಯಿತು. 1963ರಿಂದ ಆ ಮಾದರಿ ಯುಜಿಸಿ, ಎನ್‌ಸಿಇಆರ್‌ಟಿ ಮತ್ತು ಅಮೆರಿಕದ ನೆರವು ಸಂಸ್ಥೆಯ ಜತೆಗಾರಿಕೆಯಲ್ಲಿ ಭಾರತಕ್ಕೆ ಬಂತು. ಅಮೆರಿಕದ ಪ್ರಾಧ್ಯಾಪಕರು ಸಲಹೆಗಾರರಾಗಿ ಬಂದರು. ಅಲ್ಲಿನ ಶಾಲೆಗಳಿಗೆಂದು ರಚಿಸಿದ ಭೌತಶಾಸ್ತ್ರ, ಜೀವಶಾಸ್ತ್ರದ ಹೊಸ ಪಠ್ಯಗಳನ್ನು ನಮ್ಮ ಶಿಕ್ಷಕರು ಬೇಸಿಗೆಯಲ್ಲಿ ಕಲಿತರು. ಪಠ್ಯಗಳು ಶ್ರೇಷ್ಠವಾಗಿದ್ದವು, ಅದರಲ್ಲಿ ಅನುಮಾನವಿಲ್ಲ. ಆದರೆ ಊರಿಗೆ ಮರಳಿದರೆ ಮೇಜಿನ ಮೇಲಿರುವ ಪುಸ್ತಕ ಬೇರೆ, ಬೋರ್ಡಿನ ಪರೀಕ್ಷೆ ಬೇರೆ, ಪ್ರಯೋಗಕ್ಕೆ ಇರುವುದು ಬೀಗ ಹಾಕಿದ ಒಂದು ಕಪಾಟು. ಬೇಸಿಗೆಯ ಕಲಿಕೆಗೂ ಶಾಲೆಯ ವರ್ಷಕ್ಕೂ ನಡುವೆ ಸೇತುವೆ ಕಟ್ಟುವುದು ಯಾರ ಕೆಲಸವೂ ಆಗಿರಲಿಲ್ಲ.

ಸೇತುವೆ ಕಟ್ಟಿದವರು ಮಧ್ಯಪ್ರದೇಶದ ಹೋಶಂಗಾಬಾದಿನವರು. 1972ರಲ್ಲಿ ಕಿಶೋರ್ ಭಾರತಿ ಸಂಸ್ಥೆ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಕೂಡಿ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಕಾರ್ಯಕ್ರಮ ಶುರುಮಾಡಿದವು. 1982ರಿಂದ ಏಕಲವ್ಯ ಸಂಸ್ಥೆ ಅದರ ಹೊಣೆ ಹೊತ್ತಿತು. ಸರಕಾರಿ ಶಾಲೆಯ ಶಿಕ್ಷಕರು ಬೇಸಿಗೆಯಲ್ಲಿ ಮೂರು ವಾರ ಕೂಡುತ್ತಿದ್ದರು. ದೆಹಲಿ ವಿಶ್ವವಿದ್ಯಾಲಯ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳಿಂದ ಬಂದ ವಿಜ್ಞಾನಿಗಳು ಅವರ ಪಕ್ಕದಲ್ಲಿ ಕೂತು, ಮಕ್ಕಳು ಮಾಡಬೇಕಾದ ಪ್ರಯೋಗವನ್ನೇ ತಾವೂ ಮಾಡುತ್ತಿದ್ದರು. ಬೇಸಿಗೆ ಮುಗಿದ ಮೇಲೂ ಬಿಡುಗಡೆ ಇರಲಿಲ್ಲ. ತಿಂಗಳಿಗೊಮ್ಮೆ ಸುತ್ತಲ ಶಾಲೆಗಳ ಶಿಕ್ಷಕರು ಒಂದೆಡೆ ಸೇರಬೇಕು: ಯಾವ ಪ್ರಯೋಗ ಕೈಕೊಟ್ಟಿತು, ಯಾವ ಮಗು ಯಾವ ಪ್ರಶ್ನೆ ಕೇಳಿ ಬಾಯಿ ಕಟ್ಟಿಸಿತು, ಅದೆಲ್ಲ ಅಲ್ಲಿ ಹೊರಬೀಳಬೇಕು. ಪಠ್ಯಪುಸ್ತಕ ಪರಿಷ್ಕರಣೆಗೆ ಸಾಮಗ್ರಿ ಸಿಕ್ಕಿದ್ದು ಅಲ್ಲಿಂದ. ಮೂವತ್ತು ವರ್ಷ ನಡೆದು ನೂರಾರು ಶಾಲೆಗಳಿಗೆ ಹಬ್ಬಿದ ಕಾರ್ಯಕ್ರಮವನ್ನು ರಾಜ್ಯ ಸರಕಾರ 2002ರಲ್ಲಿ ನಿಲ್ಲಿಸಿತು. ಅದರಲ್ಲಿ ಒಂದೇ ಒಂದು ಕೊರತೆ ನನಗೆ ಕಾಣುತ್ತದೆ. ಅಷ್ಟು ದುಡಿದ ಶಿಕ್ಷಕರ ಕೈಗೆ ವಿಶ್ವವಿದ್ಯಾಲಯ ಯಾವ ಪದವಿಯನ್ನೂ ಕೊಡಲಿಲ್ಲ. ಪದವಿಗೆಂದು ಅವರು ದುಡಿಯಲಿಲ್ಲ, ನಿಜ; ಆದರೂ ಆ ಜ್ಞಾನಕ್ಕೆ ವಿಶ್ವವಿದ್ಯಾಲಯದಲ್ಲಿ ಒಂದು ಕುರ್ಚಿ ಇದ್ದಿದ್ದರೆ ಒಂದು ಸರಕಾರಿ ಆದೇಶಕ್ಕೆ ಅದನ್ನು ಅಳಿಸುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಈಗ ಕಾಸಾರಶಿರಸಿಯ ಸುತ್ತಲಿಗೆ ಬರೋಣ. ಇಲ್ಲಿ ಕೋರ್ಸು ನಡೆದರೆ ಕಲಿಸಲಿಕ್ಕೆ ಏನಿದೆ ಎಂದು ಕೇಳುವವರಿಗೆ, ಏನಿಲ್ಲ ಎಂದು ತಿರುಗಿ ಕೇಳಬೇಕಾಗುತ್ತದೆ.

1993ರ ಸೆಪ್ಟೆಂಬರ್ 30ರ ನಸುಕು, 3 ಗಂಟೆ 56 ನಿಮಿಷ. ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಲಾತೂರು ಜಿಲ್ಲೆಯ ಕಿಲ್ಲಾರಿಯ ಕೆಳಗೆ ನೆಲ ಬಿರಿಯಿತು. ತೀವ್ರತೆ 6.2ರಷ್ಟು, ಸತ್ತವರು ಹತ್ತು ಸಾವಿರದ ಹತ್ತಿರ ಹತ್ತಿರ. ಜಗತ್ತಿನ ಬೇರೆ ಕಡೆ ಇಷ್ಟೇ ತೀವ್ರತೆಯ ಕಂಪನಗಳು ಬೆರಳೆಣಿಕೆಯ ಸಾವಿನಲ್ಲಿ ಮುಗಿದದ್ದುಂಟು. ಇಲ್ಲಿ ಕೊಂದದ್ದು ಗೋಡೆ ಮತ್ತು ಮಾಳಿಗೆ: ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಮೊಳಗಟ್ಟಲೆ ಮಣ್ಣು ಹೇರಿದ ಮಾಳಿಗೆ. ಈ ಮನೆಯನ್ನು ಕಟ್ಟಿದವರು ದಡ್ಡರಾಗಿರಲಿಲ್ಲ. ಮೇ ತಿಂಗಳ ಬಿಸಿಲನ್ನು ಹೊರಗಿಡಲು ಅಷ್ಟು ದಪ್ಪ ಬೇಕೇ ಬೇಕು. ಆದರೆ ನೆಲ ಅಲುಗಿದಾಗ ಭಾರ ಹೆಚ್ಚಿದ್ದಷ್ಟೂ ಅದರ ಮೇಲೆ ಬೀಳುವ ಬಲವೂ ಹೆಚ್ಚು. ನ್ಯೂಟನ್ನನ ಎರಡನೆಯ ನಿಯಮ. ಬಿಸಿಲಿಗೆ ಒಳ್ಳೆಯದಾದ ಮನೆ ಕಂಪನಕ್ಕೆ ಕೆಟ್ಟದು. ಪುನರ್ವಸತಿಯಲ್ಲಿ ಎದ್ದುನಿಂತ ಕಾಂಕ್ರೀಟಿನ ಮನೆಗಳಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಎರಡನ್ನೂ ತಾಳುವ ಮನೆ ಹೇಗಿರಬೇಕು? ವಿಜ್ಞಾನ, ಎಂಜಿನಿಯರಿಂಗ್, ಗಣಿತ ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿರುವ ಇಂಥ ಪ್ರಶ್ನೆ ಎಂಟನೆಯ ತರಗತಿಯ ಹುಡುಗಿಯ ಅಜ್ಜಿಯ ಬಾಯಲ್ಲಿದೆ. ‘ಸ್ಟೆಮ್’ ಎಂದರೆ ರೋಬೋಟಿನ ಡಬ್ಬಿ ಎಂದುಕೊಂಡಿರುವ ನಮಗೆ ಅದು ಕೇಳಿಸುವುದಿಲ್ಲ. (ಅಟಲ್ ಟಿಂಕರಿಂಗ್ ಪ್ರಯೋಗಾಲಯಕ್ಕೆ ಆಯ್ಕೆಯಾದ ಶಾಲೆಗೆ ಸರಕಾರ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಅದನ್ನು ನಡೆಸಬೇಕಾದ ಶಿಕ್ಷಕರ ಓದಿಗೆ ಅದರ ಹತ್ತರಲ್ಲೊಂದು ಪಾಲು ಕೊಟ್ಟರೂ ಕತೆ ಬೇರೆಯಾಗುತ್ತಿತ್ತು.)

ಕಿಲ್ಲಾರಿಯ ಕಂಪನ ವಿಜ್ಞಾನಿಗಳನ್ನೂ ಬೆಚ್ಚಿಸಿತ್ತು. ಭೂಫಲಕಗಳ ಅಂಚಿನಿಂದ ಬಲು ದೂರದ, ಗಟ್ಟಿ ಎಂದು ನಂಬಿದ್ದ ನೆಲ ಇದು. ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯ. 2002ರ ನಕ್ಷೆ ಆ ವಲಯವನ್ನೇ ತೆಗೆದುಹಾಕಿ ಈ ಭಾಗವನ್ನು ಮೂರನೆಯದಕ್ಕೆ ಸೇರಿಸಿತು. ಪಠ್ಯದಲ್ಲಿದ್ದ ಒಂದು ನಂಬಿಕೆ ಸುಳ್ಳಾಗಿ, ಸಾಕ್ಷ್ಯ ನೋಡಿ ನಕ್ಷೆಯೇ ಬದಲಾದದ್ದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಯಾವ ಮಗುವಿಗೆ ಸಿಗಬೇಕು? ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಕಿಲ್ಲಾರಿಯಲ್ಲಿ 617 ಮೀಟರ್ ಆಳಕ್ಕೆ ಕೊರೆದು ನೋಡಿತು. ಮೇಲಿನ 340 ಮೀಟರಿನಷ್ಟು ಲಾವಾದ ಕರಿಕಲ್ಲು. ಅದರಡಿ ಪುರಾತನ ಗ್ರಾನೈಟಿನ ಜಾತಿಯ ಶಿಲೆ. ತೇರಣಾ ನದಿಗೆ ಮಾಕಣಿಯಲ್ಲಿ ಕಟ್ಟಿದ ಜಲಾಶಯದ ನೀರಿನ ಭಾರ ಕಂಪನಕ್ಕೆ ಕಾರಣವೇ ಎಂದು ಪಂಡಿತರು ವಾದ ಮಾಡಿದರು. 2022ರ ಸೆಪ್ಟೆಂಬರಿನಲ್ಲಿ ನಿಲಂಗಾ ತಾಲೂಕಿನ ಹಾಸೋರಿಯಲ್ಲಿ ನೆಲದಡಿಯಿಂದ ಗುಡುಗು ಕೇಳಿ, ಜನ ಮನೆ ಬಿಟ್ಟು ಹೊರಗೆ ಮಲಗಿದರು. ಮರುದಿನ ಶಾಲೆಗೆ ಬಂದ ಮಕ್ಕಳು ಮಾಸ್ತರರನ್ನು ಕೇಳಿಯೇ ಕೇಳುತ್ತಾರೆ. ಆಗ ಅವರ ಬಳಿ ಇರಬೇಕಾದ್ದು ಬರೀ ಉತ್ತರವಲ್ಲ. ಹೊತ್ತು ಬರೆದಿಡುವ, ಯಾವ ಊರಿನಲ್ಲಿ ಕೇಳಿತು ಎಲ್ಲಿ ಕೇಳಲಿಲ್ಲ ಎಂದು ನಕ್ಷೆ ಮಾಡುವ, ಸರಳ ಕಂಪನಮಾಪಕ ಕೂಡಿಸುವ ಅಭ್ಯಾಸ. ಅದು ಎರಡು ದಿನದ ತರಬೇತಿಯಲ್ಲಿ ಬರುವುದಿಲ್ಲ.

ನೀರಿನ ಮಾತೂ ಹಾಗೆಯೇ. 2016ರ ಏಪ್ರಿಲ್ 12ರಂದು ಮೀರಜದಿಂದ ಹತ್ತು ಡಬ್ಬಿಗಳಲ್ಲಿ ಐದು ಲಕ್ಷ ಲೀಟರ್ ನೀರು ಹೊತ್ತ ರೈಲು ಲಾತೂರಿಗೆ ಬಂತು. ದೇಶವೇ ಟಿವಿಯಲ್ಲಿ ನೋಡಿತು. 2011ರ ಜನಗಣತಿಯಂತೆ ಲಾತೂರು ನಗರದ ಜನ 3.8 ಲಕ್ಷ. ಭಾಗಿಸಿ ನೋಡಿದರೆ ತಲೆಗೆ ಒಂದೂಕಾಲು ಲೀಟರಿಗಿಂತ ತುಸು ಹೆಚ್ಚು. ಮುಂದೆ ಐವತ್ತು ಡಬ್ಬಿಯ ರೈಲು ಬಂದಾಗಲೂ ತಲೆಗೆ ಆರೂವರೆ ಲೀಟರು. ಆರನೆಯ ತರಗತಿಯ ಭಾಗಾಕಾರ ಇಷ್ಟನ್ನು ಹೇಳಿಬಿಡುತ್ತದೆ. ಆಮೇಲೆ ಶುರುವಾಗುವ ಪ್ರಶ್ನೆಗಳಿಗೆ ಎಂ.ಎಸ್ಸಿ.ಯೂ ಸಾಲದು. ಕರಿಕಲ್ಲಿನಲ್ಲಿ ನೀರು ನಿಲ್ಲುವುದೆಲ್ಲಿ? ಒಂದೇ ಹೊಲದಲ್ಲಿ ಒಂದು ಬೋರಿಗೆ ನೀರು ಬಿದ್ದು ಇಪ್ಪತ್ತು ಹೆಜ್ಜೆ ಆಚೆಗಿನದು ಬತ್ತಿಹೋಗುವುದೇಕೆ? ಹಳೆಯ ಬಾವಿಯ ಗೋಡೆ ನೋಡಿದವರಿಗೆ ಉತ್ತರದ ಸುಳಿವು ಸಿಗುತ್ತದೆ: ಒಂದರ ಮೇಲೊಂದು ಹರಿದು ಆರಿದ ಲಾವಾ ಪದರಗಳು, ನಡುನಡುವೆ ಕೆಂಪು ಮಣ್ಣಿನ ಪಟ್ಟಿ, ಗುಳ್ಳೆ ಗುಳ್ಳೆಯಾದ ಕಲ್ಲು, ಬಿರುಕು. ಆರೂವರೆ ಕೋಟಿ ವರ್ಷದ ಪುಸ್ತಕ ಊರಿನ ಬಾವಿಯಲ್ಲೇ ತೆರೆದಿದೆ. ಬೇಸಿಗೆಯಲ್ಲಿ ಎರೆ ಮಣ್ಣು ಕಾಲು ತೂರುವಷ್ಟು ಬಿರಿದು ಮೊದಲ ಮಳೆಗೆ ಊದಿ ಮುಚ್ಚಿಕೊಳ್ಳುವುದು ಸ್ಮೆಕ್ಟೈಟ್ ಎಂಬ ಜೇಡಿ ಖನಿಜದ ಆಟ. ಇದನ್ನು ಗಾಜಿನ ಬಾಟಲಿಯಲ್ಲಿ ಅಳೆದು ತೋರಿಸಬಹುದು. ತೊಗರಿ, ಸೋಯಾಬೀನಿನ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುವ ಬ್ಯಾಕ್ಟೀರಿಯಾಗಳನ್ನು ಕಾಣಲು ಶಾಲೆಯ ಸೂಕ್ಷ್ಮದರ್ಶಕ ಸಾಕು.

ಸುತ್ತಲ ನೆಲವನ್ನೇ ಹೀಗೆ ಪಾಠವಾಗಿಸಿಕೊಂಡ ಕಡೆಯೊಂದುಂಟು: ಅಮೆರಿಕದ ಮೊಂಟಾನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಶಿಕ್ಷಣದ ಎಂ.ಎಸ್. ಕೋರ್ಸೊಂದಿದೆ. ದೂರದೂರದ ಶಾಲೆಗಳ ಶಿಕ್ಷಕರು ವರ್ಷವಿಡೀ ಅಂತರ್ಜಾಲದಲ್ಲಿ ಓದುತ್ತಾರೆ, ಬೇಸಿಗೆಯಲ್ಲಿ ಅಲ್ಲಿಗೆ ಬಂದು ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆಗಳ ನಡುವೆ ಭೂವಿಜ್ಞಾನ, ಪರಿಸರ ವಿಜ್ಞಾನ ಕಲಿಯುತ್ತಾರೆ. ಪದವಿಗೆ ಬೇಕಾದ ಸಂಶೋಧನೆಯನ್ನು ಅವರವರ ತರಗತಿಯ ಮೇಲೆಯೇ ಮಾಡಬೇಕು: ನಾನು ಪಾಠದ ರೀತಿ ಬದಲಿಸಿದಾಗ ನನ್ನ ಮಕ್ಕಳ ತಿಳಿವಳಿಕೆಯಲ್ಲಿ ಏನು ಬದಲಾಯಿತು? ಯೆಲ್ಲೋಸ್ಟೋನಿನವರಿಗೆ ಬುಗ್ಗೆ ಇದ್ದರೆ ನಮಗೆ ಕಿಲ್ಲಾರಿ ಇದೆ, ಮಾಕಣಿ ಇದೆ, ಬಾವಿ ಇದೆ. ಅವರಲ್ಲಿರುವುದು, ನಮ್ಮಲ್ಲಿಲ್ಲದ್ದು, ಶಿಕ್ಷಕನ ತರಗತಿಯನ್ನು ಸಂಶೋಧನೆಯ ಜಾಗವೆಂದು ಒಪ್ಪುವ ವಿಶ್ವವಿದ್ಯಾಲಯ.

ದೀರ್ಘ ಕೋರ್ಸಿನಿಂದ ಮಕ್ಕಳಿಗೆ ನಿಜವಾಗಿ ಲಾಭವಾಗುತ್ತದೆಯೇ ಎಂಬ ಪ್ರಶ್ನೆಗೆ ಪುರಾವೆ ಬೇಕೆನ್ನುವವರು ಸರಿಯಾಗಿಯೇ ಕೇಳುತ್ತಿದ್ದಾರೆ. 2007ರಲ್ಲಿ ಅಮೆರಿಕದ ಸಂಶೋಧಕರು ಶಿಕ್ಷಕ ತರಬೇತಿಯ ಬಗೆಗಿನ 1,300ಕ್ಕೂ ಹೆಚ್ಚು ಅಧ್ಯಯನಗಳನ್ನು ಜರಡಿ ಹಿಡಿದರು. ಗಟ್ಟಿ ಕಾಳಾಗಿ ಉಳಿದದ್ದು ಒಂಬತ್ತೇ ಒಂಬತ್ತು! ಆ ಒಂಬತ್ತರಲ್ಲಿ ಶಿಕ್ಷಕರು ಪಡೆದ ತರಬೇತಿ ಸರಾಸರಿ 49 ಗಂಟೆ. ಹದಿನಾಲ್ಕು ಗಂಟೆಗಿಂತ ಕಡಿಮೆ ಇದ್ದ ಕಡೆ ಮಕ್ಕಳ ಕಲಿಕೆಯಲ್ಲಿ ಎದ್ದುಕಾಣುವ ಫಲ ಇರಲಿಲ್ಲ. ಅವೆಲ್ಲ ಕೆಳ ತರಗತಿಗಳ ಅಧ್ಯಯನಗಳು, ಆದ್ದರಿಂದ ಇವನ್ನೇ ಹಿಡಿದು ಪ್ರೌಢಶಾಲೆಗೆ ಪ್ರಮಾಣ ಮಾಡಲಾಗದು. ಆದರೂ ದಿಕ್ಕು ಸ್ಪಷ್ಟ. ನಮ್ಮ 2020ರ ಶಿಕ್ಷಣ ನೀತಿಯೂ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ಕಲಿಕೆ ಬೇಕೆಂದಿದೆ. ಅದನ್ನು ಐದೈದು ತಾಸಿನ ಹತ್ತು ತುಂಡು ಮಾಡಿ ಮೊಬೈಲಿನಲ್ಲಿ ವಿಡಿಯೊ ಓಡಿಸಿ ಮುಗಿಸಿದರೆ ಗಂಟೆಯ ಲೆಕ್ಕ ಸರಿಹೋದೀತು, ಮಾಸ್ತರರು ನಿನ್ನೆ ಇದ್ದಲ್ಲೇ ಇರುತ್ತಾರೆ.

ಎದುರು ವಾದಗಳಲ್ಲಿ ಒಂದಕ್ಕೆ ನಾನು ತಲೆಬಾಗುತ್ತೇನೆ. ಬೇಸಿಗೆ ರಜೆ ಶಿಕ್ಷಕರ ಹಕ್ಕು. ಚುನಾವಣೆ, ಜನಗಣತಿ, ಸಮೀಕ್ಷೆ ಎಂದು ಅದರಲ್ಲಿ ಈಗಾಗಲೇ ಕಚ್ಚಿ ತಿಂದದ್ದು ಸಾಕಷ್ಟಿದೆ. ಶಿಕ್ಷಕಿಯರಿಗಂತೂ ಮೇ ಎಂದರೆ ಮನೆಯ ಮದುವೆ, ತವರಿನ ಹೋಗಿಬರುವಿಕೆ, ಹಪ್ಪಳ-ಶಾವಿಗೆ, ಮಕ್ಕಳು. ಆದ್ದರಿಂದ ಈ ಕೋರ್ಸು ಕಡ್ಡಾಯವಾಗಬಾರದು. ಕಡ್ಡಾಯವಾದ ದಿನ ಅದು ಮತ್ತೊಂದು ಹಾಜರಿ ಪುಸ್ತಕವಾಗುತ್ತದೆ. ಬಯಸಿ ಬರುವ ಮೂವತ್ತು ಜನ ಸಾಕು. ವಸತಿ, ಮಕ್ಕಳನ್ನು ಜತೆಗೆ ಕರೆತರುವ ಅನುಕೂಲ, ಪ್ರಯಾಣ ಭತ್ಯೆ ಇರಬೇಕು.

ಪದವಿಯ ಹುಚ್ಚನ್ನು ಇನ್ನಷ್ಟು ಹೆಚ್ಚಿಸುತ್ತೀರಿ ಎಂಬ ಇನ್ನೊಂದು ವಾದವನ್ನು ಒಪ್ಪಲಾರೆ. ಕಾಲೇಜು ಅಧ್ಯಾಪಕರ ಅನುಭವ ಮುಂದಿಟ್ಟು ಈ ಮಾತು ಬರುತ್ತದೆ. 1986ರ ಶಿಕ್ಷಣ ನೀತಿಯ ಬೆನ್ನಿಗೆ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆದು, ಪುನಶ್ಚೇತನ ಕೋರ್ಸನ್ನು ಬಡ್ತಿಗೆ ಗಂಟು ಹಾಕಿತು. ಬಡ್ತಿಗಾಗಿ ಬಂದವರು ಬಡ್ತಿ ಪಡೆದು ಹೋದರು. ಆದರೆ ತಪ್ಪು ಬಡ್ತಿಯದಲ್ಲ. ಕೋರ್ಸಿನ ಮೂರು ವಾರ ಮುಗಿದ ಮೇಲೆ ಅವರು ತಮ್ಮ ತರಗತಿಯಲ್ಲಿ ಏನು ಮಾಡಿದರೆಂದು ಕೇಳುವ ಏರ್ಪಾಡೇ ಇರಲಿಲ್ಲ. ನಮ್ಮ ಕೋರ್ಸಿನಲ್ಲಿ ಪದವಿಯ ಅರ್ಧದಷ್ಟು ಅಂಕ ನಡುವಿನ ಹತ್ತು ತಿಂಗಳ ಕೆಲಸಕ್ಕಿರಲಿ: ಶಾಲೆಯ ಬಾವಿಯ ನೀರಿನ ಮಟ್ಟ ವಾರವಾರ ಬರೆದ ಪುಸ್ತಕ, ಮಕ್ಕಳ ಪ್ರಶ್ನೆಗಳ ದಾಖಲೆ, ಸೋತ ಪ್ರಯೋಗದ ವಿವರ. ನಿಲಂಗಾ, ಉದಗೀರ, ಉಮರ್ಗಾದ ಪದವಿ ಕಾಲೇಜುಗಳ ವಿಜ್ಞಾನದ ಅಧ್ಯಾಪಕರು ತಿಂಗಳಿಗೊಮ್ಮೆ ಈ ಶಾಲೆಗಳಿಗೆ ಬಂದು ಕೂರಲಿ. ಅದನ್ನೇ ಅವರ ಪುನಶ್ಚೇತನವೆಂದು ಎಣಿಸಲಿ, ಬೇಕಾದರೆ ಬಡ್ತಿಗೂ.

ಭಾಷೆಯದೊಂದು ಸಂಗತಿ ಇದೆ. ಈ ಗಡಿ ಪಟ್ಟಿಯ ಎಷ್ಟೋ ಮನೆಗಳಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ಜತೆಗೆ ದಖನಿ. ಆಚೆ ಕರ್ನಾಟಕದ ಬಸವಕಲ್ಯಾಣದ ಕಡೆ ಇದೇ ತಿರುಗುಮುರುಗು. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ವಿ.ಜಿ. ಕುಲಕರ್ಣಿ ಮತ್ತು ಸಂಗಡಿಗರು ಪಠ್ಯದ ಭಾಷೆ ತಿಳಿಯಾದರೆ ತರಗತಿಯಲ್ಲಿ ಮಕ್ಕಳ ಬಾಯಿ ಬಿಚ್ಚುತ್ತದೆ ಎಂದು ಹಿಂದೆಯೇ ತೋರಿಸಿದ್ದಾರೆ. ಮನೆಮಾತೇ ಬೇರೆಯಾದ ತರಗತಿಯಲ್ಲಿ ಅದರ ಅರ್ಥವೇನು ಎಂಬ ಸಂಶೋಧನೆಗೆ ಇಲ್ಲಿನ ಶಿಕ್ಷಕರಿಗಿಂತ ಅರ್ಹರು ಯಾರು?

ಇಷ್ಟೆಲ್ಲ ಒಪ್ಪಿದರೂ ಗೆರೆಯೊಂದು ಅಡ್ಡ ಬರುತ್ತದೆ. 1956ರ ನವೆಂಬರ್ 1ರವರೆಗೆ ನಿಲಂಗಾ, ಉದಗೀರ ಎರಡೂ ಬೀದರ್ ಜಿಲ್ಲೆಯ ತಾಲೂಕುಗಳು. ಆ ಮೇಲೆ ಉಸ್ಮಾನಾಬಾದಿಗೆ ಹೋದವು, 1982ರಲ್ಲಿ ಹೊಸ ಲಾತೂರು ಜಿಲ್ಲೆಗೆ. ಇಂದು ಕೇಂದ್ರದ ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳ ಹಂಚಿಕೆಯಲ್ಲಿ ಕಾಸಾರಶಿರಸಿಯ ಶಿಕ್ಷಕ ಭೋಪಾಲದ ಪಾಲು, ಬಸವಕಲ್ಯಾಣದ ಶಿಕ್ಷಕಿ ಮೈಸೂರಿನ ಪಾಲು. ಒಂದೇ ಎರೆ ಮಣ್ಣು, ಒಂದೇ ಕರಿಕಲ್ಲು, ಒಂದೇ ಬರ. ಓದಲು ಮಾತ್ರ ಒಬ್ಬರು ವಿಂಧ್ಯದ ತಪ್ಪಲಿಗೆ, ಇನ್ನೊಬ್ಬರು ಕಾವೇರಿಯ ಸೀಮೆಗೆ. ಹತ್ತಿರದಲ್ಲಿ ಏನೂ ಇಲ್ಲವೆಂದಲ್ಲ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕೇಂದ್ರದ್ದಾದ್ದರಿಂದ ಯಾವ ರಾಜ್ಯದವರು ಬಂದರೂ ತಡೆಯಿಲ್ಲ, ಭೂವಿಜ್ಞಾನವೂ ಶಿಕ್ಷಣಶಾಸ್ತ್ರವೂ ಅಲ್ಲಿವೆ. ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಲಾತೂರಿನಲ್ಲಿ ಉಪಕೇಂದ್ರವಿದೆ. ಇವೆರಡೂ ಕೂಡಿ ಒಂದು ಪದವಿ ಕೊಡುವಂತಾಗಬೇಕು. 2021ರಲ್ಲಿ ಬಂದ ಅಕಾಡೆಮಿಕ್ ಕ್ರೆಡಿಟ್ ಬ್ಯಾಂಕಿನಲ್ಲಿ ಒಂದೊಂದು ಬೇಸಿಗೆಯ ಗಳಿಕೆಯನ್ನು ಜಮಾ ಇಡಬಹುದು.

ಪಂಚಾಂಗವೂ ಕೂಡಿಬರುತ್ತದೆ. ಕರ್ನಾಟಕದ ಶಾಲೆಗಳಿಗೆ ರಜೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ. ಮರಾಠವಾಡದಲ್ಲಿ ಮೇ ಆರಂಭದಿಂದ ಜೂನ್ ನಡುವಿನವರೆಗೆ. ಇಬ್ಬರಿಗೂ ಬಿಡುವಿರುವುದು ಮೇ ತಿಂಗಳ ನಾಲ್ಕು ವಾರ. ಬೆಳಿಗ್ಗೆ ಆರಕ್ಕೆ ಬಯಲಿನಲ್ಲಿ, ಹತ್ತರಿಂದ ಪ್ರಯೋಗಾಲಯದಲ್ಲಿ, ಉರಿಬಿಸಿಲಿನ ಹೊತ್ತು ನೆರಳಲ್ಲಿ ಓದು, ಸಂಜೆ ಮತ್ತೆ ಬಾವಿಕಟ್ಟೆ. ಇನ್ನು ಬೇಕಾದ್ದು ಒಂದು ಸಣ್ಣ ಆದೇಶ, ಬೆಂಗಳೂರಿನಲ್ಲೊಂದು, ಮುಂಬೈಯಲ್ಲೊಂದು. ರಜೆಯಲ್ಲಿ ಸರಕಾರಿ ಕೆಲಸಕ್ಕೆ ತಡೆಹಿಡಿದ ಶಿಕ್ಷಕರಿಗೆ ಆ ದಿನಗಳ ಲೆಕ್ಕದಲ್ಲಿ ಗಳಿಕೆ ರಜೆ ಕೊಡುವ ನಿಯಮ ಎರಡೂ ಕಡೆ ಹಳೆಯದೇ. ಈ ಕೋರ್ಸಿನ ಮೇ ತಿಂಗಳನ್ನೂ ಆ ನಿಯಮದಡಿ ತಂದು, ನಡುವಿನ ಹತ್ತು ತಿಂಗಳಲ್ಲಿ ತಿಂಗಳಿಗೊಂದು ಶನಿವಾರ, ಒಮ್ಮೆ ಉಮರ್ಗಾದಲ್ಲಿ ಒಮ್ಮೆ ಬಸವಕಲ್ಯಾಣದಲ್ಲಿ, ಗೆರೆಯಾಚೆಗಿನ ಸಭೆಗೆ ಹೋಗುವುದನ್ನು ಕರ್ತವ್ಯದ ಮೇಲಿನ ಗೈರುಹಾಜರಿ ಎಂದು ಎರಡೂ ಇಲಾಖೆಗಳು ಬರೆದುಕೊಡಬೇಕು.